ಗುಮಟೆಯ ಜಾಡು ಹಿಡಿದು ಜಗತ್ತಿನ ಹಾಡು ಹುಡುಕಿ

ಸುಗ್ಗಿಯ ಹೊತ್ತಿಗೆ ಅಂಕೋಲಾ ಕಡೆ ಹೋದವರು ಹಾಲಕ್ಕಿ ಒಕ್ಕಲಿಗರ ಗುಮಟೆ ಕೇಳಿರುತ್ತೀರಿ. ಮಣ್ಣಿನ ಗಡಿಗೆ, ಒಂದು ಬಾಯಿಗೆ ಬಿಗಿದ ಚರ್ಮ. ಇನ್ನೊಂದು ಬಾಯಿಯನ್ನು ಅಂಗೈಯಿಂದ ಮುಚ್ಚಿ, ತೆರೆದು ನಾದ ಬದಲಿಸುತ್ತಾರೆ. ಬೇರೆ ದೇಶಗಳ ಸಂಗೀತ ಹುಡುಕಬೇಕು ಅನ್ನಿಸಿದರೆ ಇಲ್ಲಿಂದಲೇ ಹೊರಡಿ.

ಗೊತ್ತಿರುವ ಸದ್ದೊಂದನ್ನು ಹಿಡಿಯಿರಿ

ಸುಮ್ನೆ ‘ವರ್ಲ್ಡ್ ಮ್ಯೂಸಿಕ್’ ಎಂದು ಹುಡುಕಿದರೆ ನೂರು ದೇಶದ ಹಾಡು ಒಟ್ಟಿಗೆ ಬರುತ್ತವೆ, ಒಂದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಬದಲಿಗೆ ಯೂಟ್ಯೂಬಿನಲ್ಲಿ ಗುಮಟೆಯ ನೆಂಟರನ್ನು ಹುಡುಕಿ. ಪಕ್ಕದ ಗೋವಾದಲ್ಲಿ ಅದು ಘುಮಟ್. 2019ರಲ್ಲಿ ಅಲ್ಲಿನ ಸರ್ಕಾರ ಅದನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ಅಲ್ಲಿಂದ ನೈಜೀರಿಯಾಕ್ಕೆ ಹೋಗಿ. ಇಗ್ಬೊ ಜನರ ‘ಊಡು’ ಕೂಡ ಮಣ್ಣಿನ ಕೊಡವೇ. ಚರ್ಮ ಇಲ್ಲ, ಪಕ್ಕದಲ್ಲೊಂದು ತೂತು. ಹಿಂದಿನಿಂದಲೂ ಹೆಂಗಸರು ನುಡಿಸಿಕೊಂಡು ಬಂದದ್ದು. ಅಂಗೈ ತೂತಿನ ಮೇಲೆ ಬಿದ್ದಾಗ ಬರುವ ‘ಗುಂ’ ಸದ್ದು ಕೇಳಿ, ನಿಮಗೇ ಗುರುತು ಸಿಗುತ್ತದೆ. ಇಂಗ್ಲಿಷಿನಲ್ಲಿ ಯು-ಡಿ-ಯು ಎಂದು ಬರೆದು, ಜೊತೆಗೆ ಡ್ರಮ್ ಎಂದು ಸೇರಿಸಿದರೆ ಸಾಕು.

ಜಾಡು ಸದ್ದಿನದೇ ಆಗಬೇಕೆಂದಿಲ್ಲ, ಚರಿತ್ರೆಯದೂ ಆಗಬಹುದು. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಡಮಾಮಿ ಕುಣಿತ ನೋಡಿದ್ದೀರಾ? ಅವರ ಹಿರಿಯರಲ್ಲಿ ಹಲವರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ತಂದಿದ್ದರು. ಹಾಗಾಗಿ ಮೊಜಾಂಬಿಕ್‌ನ ಚೋಪಿ ಜನರ ‘ತಿಂಬಿಲಾ’ ಕೇಳಿ. ಮರದ ಪಟ್ಟಿಗಳ ಕೆಳಗೆ ಸೋರೆ ಬುರುಡೆ ಕಟ್ಟಿದ ವಾದ್ಯ ಅದು. ಹತ್ತಿಪ್ಪತ್ತು ಜನ ಒಟ್ಟಿಗೆ ನುಡಿಸಿದರೆ ಮಳೆ ಸುರಿದ ಹಾಗಿರುತ್ತದೆ.

ಊರೂರಿನ ರೇಡಿಯೊ ಕೇಳಿ

ರೇಡಿಯೊ ಗಾರ್ಡನ್ 2016ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಜಾಲತಾಣವಾಗಿ ಶುರುವಾಯಿತು, ಈಗ ಆ್ಯಪ್ ಕೂಡ ಇದೆ. ಭೂಗೋಳ ತಿರುಗಿಸಿ, ಹಸಿರು ಚುಕ್ಕೆ ಮುಟ್ಟಿದರೆ ಆ ಊರಿನ ರೇಡಿಯೊ ಕೇಳಿಸುತ್ತದೆ. ಗಡಿಯಾರ ನೋಡಿಕೊಳ್ಳಿ: ಶಿರಸಿಯಲ್ಲಿ ಮಧ್ಯಾಹ್ನ 12:30 ಆದಾಗ ಮಾಲಿ ದೇಶದ ಬಮಾಕೊದಲ್ಲಿ ಬೆಳಿಗ್ಗೆ 7. ಹಾಡು ಇಷ್ಟವಾದರೆ ಇನ್ನೊಂದು ಫೋನಿನಲ್ಲಿ ಹಾಡು ಗುರುತಿಸುವ ಆ್ಯಪ್ ಶಜಾಮ್ ತೆರೆದು ಹೆಸರು ಹುಡುಕಿ. ಹಾಡು, ಹಾಡಿದವರು, ಊರು, ಭಾಷೆ, ವಾದ್ಯ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಾದ್ಯದ ಹೆಸರೇ ಮುಂದಿನ ಹುಡುಕಾಟಕ್ಕೆ ದಾರಿ.

ಒಂದೇ ಹಾಡು ಹಂಚಿ

ಒಮ್ಮೆ ಮನೆಯವರ ವಾಟ್ಸಾಪ್ ಗ್ರೂಪಿಗೆ ಇಪ್ಪತ್ತು ಲಿಂಕ್ ಒಟ್ಟಿಗೆ ಕಳಿಸಿದ್ದೆ. ಯಾರೂ ತೆರೆಯಲಿಲ್ಲ. ಈಗ ವಾರಕ್ಕೆ ಒಂದೇ ಹಾಡು, ಜೊತೆಗೆ ಎರಡು ಸಾಲು.

ಅದಕ್ಕಿಂತ ಒಳ್ಳೆಯದು ಜಗಲಿಯಲ್ಲಿ ಒಟ್ಟಿಗೆ ಕೂತು ಕೇಳುವುದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲ. ಹಿಂದಿನ ದಿನವೇ ಡೌನ್‌ಲೋಡ್ ಮಾಡಿ, ಸ್ಪೀಕರ್ ಚಾರ್ಜ್ ಮಾಡಿಡಿ. ಐದು ಹಾಡು ಸಾಕು. ಮೊದಲೇ ವಿವರಣೆ ಬೇಡ. ಹಾಡು ಕೇಳಿಸಿ, ಜನ ಮಾತಾಡಲಿ, ಆಮೇಲೆ ನಿಮಗೆ ಗೊತ್ತಿದ್ದನ್ನು ಹೇಳಿ, ಮತ್ತೊಮ್ಮೆ ಹಾಕಿ. ಎರಡನೇ ಸಲವೇ ಕಿವಿ ತೆರೆಯುವುದು.

ಕಳೆದ ಆಷಾಢದಲ್ಲಿ ಆಫ್ರಿಕಾದ ಪಶ್ಚಿಮ ಕಡಲಿನ ಕೇಪ್ ವರ್ಡೆ ದ್ವೀಪಗಳ ಗಾಯಕಿ ಸೆಸಾರಿಯಾ ಎವೊರಾ ಅವರ ಹಾಡು ಹಾಕಿದ್ದೆ. ಪಕ್ಕದ ಮನೆಯ ಅಮ್ಮಮ್ಮ ಕವಳ ಹಾಕುತ್ತಾ, ‘ಯಾರ್ನೋ ಕಳ್ಸಿ ಬಂದು ಹಾಡ್ದಂಗೆ ಇದ್ದು’ ಎಂದರು. ಭಾಷೆ ಒಂದಕ್ಷರ ತಿಳಿಯದು. ಆದರೆ ‘ಮೊರ್ನಾ’ ಎಂಬ ಆ ಹಾಡಿನ ಬಗೆ ಹೆಚ್ಚಾಗಿ ಅಗಲಿಕೆಯದೇ, ಹಡಗು ಹತ್ತಿ ದೂರ ಹೋದವರದೇ. 2019ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ.

ನಮ್ಮ ಹಾಡು ಹೊರಗೆ ಕಳಿಸುವಾಗ

ಕೇಳುತ್ತಾ ಹೋದಂತೆ ನಮ್ಮ ಹಾಡನ್ನೂ ಆಚೆಗೆ ಕೇಳಿಸುವ ಆಸೆ ಹುಟ್ಟುತ್ತದೆ, ಅಲ್ವಾ? ಫೋನ್ ಹಿಡಿಯುವ ಮೊದಲು ಹಾಡುವವರನ್ನು ಕೇಳಿ. ಕೆಲವು ಹಾಡು ಮನೆಯೊಳಗಿನವು, ಕೆಲವು ದೇವರ ಮುಂದಿನವು. ಹಾಡಿದವರ ಹೆಸರು, ಊರು ಅವರು ಹೇಳಿದಂತೆಯೇ ಬರೆಯಿರಿ. ರೆಕಾರ್ಡ್ ಆದದ್ದನ್ನು ಮೊದಲು ಅವರಿಗೇ ಕೇಳಿಸಿ. ಬೇಡ ಎಂದರೆ ಅಲ್ಲೇ, ಅವರೆದುರೇ ಅಳಿಸಿ.