ಹೊಸ ಬೈಕಿನ ಇಂಜಿನ್ ಸದ್ದು: ಎಲ್ಲಿಂದ, ಯಾವಾಗ, ಯಾಕೆ

ಹೊಸ ಗಾಡಿಯಲ್ಲಿ ಏನೋ ಸದ್ದು ಕೇಳಿದ ಕೂಡಲೇ "ಟ್ಯಾಪೆಟ್ ಇರಬೇಕು" ಎಂದು, ಅಂದರೆ ವಾಲ್ವ್ ಒತ್ತಿ ತೆರೆಯುವ ಭಾಗದ್ದೆಂದು, ಹೆಸರಿಟ್ಟುಬಿಟ್ಟರೆ ಹುಡುಕಾಟ ಅಲ್ಲೇ ದಾರಿ ತಪ್ಪುತ್ತದೆ. ಮೊದಲು ನೋಡಬೇಕಾದ್ದು ಆ ಸದ್ದು ಯಾವುದರ ಜೊತೆ ಏರಿಳಿಯುತ್ತದೆ ಎಂಬುದನ್ನು. ಇಂಜಿನ್ ವೇಗದ ಜೊತೆಯೋ, ಚಕ್ರದ ವೇಗದ ಜೊತೆಯೋ, ಬಿಸಿಯ ಜೊತೆಯೋ, ಕ್ಲಚ್ ಜೊತೆಯೋ, ಭಾರದ ಜೊತೆಯೋ? ಒಂದು ಸಲಕ್ಕೆ ಒಂದನ್ನೇ ಬದಲಿಸಿ ಕೇಳಿದರೆ ಏನನ್ನೂ ಬಿಚ್ಚದೆ ಮುಕ್ಕಾಲು ಪಾಲು ಉತ್ತರ ಸಿಗುತ್ತದೆ.

ಕೆಲವು ಸದ್ದು ಇರಬೇಕಾದವೇ. ಕೀ ಆನ್ ಮಾಡಿದಾಗ ಎರಡು ಮೂರು ಸೆಕೆಂಡ್ ಗುಂಯ್ ಎನ್ನುವುದು ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಇದು ಮಾಮೂಲು. ಕಾರ್ಬುರೇಟರ್ ಗಾಡಿ ಓಡಿಸಿದವರಿಗೆ ಹೊಸದು. ಆಫ್ ಮಾಡಿದ ಮೇಲೆ ಟಿಣ್ ಟಿಣ್ ಎನ್ನುವುದು ಸೈಲೆನ್ಸರ್ ತಣ್ಣಗಾಗುತ್ತಾ ಕುಗ್ಗುವ ಸದ್ದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಮೈಸೂರಿನಲ್ಲಿ ಅಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕಿನ ಸದ್ದಿಗೆ ಪಳಗಿದ ಕಿವಿಗಳು ಇನ್ನೂ ಇವೆ. ಆ ಹಳೆಯ ಟೂ ಸ್ಟ್ರೋಕ್ ಇಂಜಿನ್‌ಗಳಲ್ಲಿ ಗಾಳಿ-ಪೆಟ್ರೋಲ್ ಒಳಬಿಡುವ, ಹೊಗೆ ಹೊರಬಿಡುವ ವಾಲ್ವ್‌ಗಳೇ ಇಲ್ಲ, ಹಾಗಾಗಿ ಟ್ಯಾಪೆಟ್ ಸದ್ದೂ ಇಲ್ಲ. ಫೋರ್ ಸ್ಟ್ರೋಕ್ ಗಾಡಿಯ ಹೆಡ್ಡಿನಿಂದ (ಸಿಲಿಂಡರ್ ಮೇಲಿನ, ವಾಲ್ವ್‌ಗಳಿರುವ ಭಾಗ) ಸಣ್ಣಗೆ, ಒಂದೇ ಸಮನೆ ಟಿಕ್ ಟಿಕ್ ಬಂದರೆ ಅದು ರೋಗವಲ್ಲ.

ಉಳಿದ ಪರೀಕ್ಷೆಗೆಲ್ಲ ಮೊದಲು ಆಯಿಲ್ ನೋಡಿ. ಸಮತಟ್ಟು ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಎರಡು ಮೂರು ನಿಮಿಷ ಐಡ್ಲಿಂಗ್‌ನಲ್ಲಿ ಓಡಿಸಿ ನಿಲ್ಲಿಸಿ, ಮತ್ತೆ ಎರಡು ಮೂರು ನಿಮಿಷ ಕಾಯಿರಿ. ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಒರೆಸಿ ಒಳಗಿಟ್ಟು ಅಳೆಯಿರಿ. ಅನೇಕ ಗಾಡಿಗಳಲ್ಲಿ ಅದನ್ನು ತಿರುಪಿನಂತೆ ತಿರುಗಿಸದೆ ಸುಮ್ಮನೆ ಇಳಿಬಿಟ್ಟು ನೋಡಬೇಕು. ತಿರುಗಿಸಿದರೆ ಇಲ್ಲದ ಆಯಿಲ್ ಇದ್ದಂತೆ ಕಾಣುತ್ತದೆ. ಗಾಜಿನ ಕಿಂಡಿ ಇರುವ ಗಾಡಿಯಾದರೆ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಇರಬೇಕು. 100–125 ಸಿಸಿ ಇಂಜಿನ್‌ಗೆ ಹಿಡಿಸುವುದೇ ಒಂದು ಲೀಟರ್ ಆಸುಪಾಸು, ಅದರಲ್ಲಿ 200 ಮಿಲಿ ಕಮ್ಮಿಯಾದರೂ ಹೆಡ್ಡಿನ ಸದ್ದು ಏರಬಹುದು. ಟಾಪ್‌ಅಪ್‌ಗೆ ಕಾರಿನ ಆಯಿಲ್ ಬೇಡ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದಿರಲಿ, ಇಲ್ಲವಾದರೆ ಕ್ಲಚ್ ಜಾರಲು ಶುರುವಾಗಬಹುದು.

ನಿಂತಲ್ಲೇ ಮಾಡುವ ಪರೀಕ್ಷೆ

ಗಾಡಿ ನ್ಯೂಟ್ರಲ್‌ನಲ್ಲಿರಲಿ. ನಿಧಾನವಾಗಿ ಎಕ್ಸಲರೇಟರ್ ಕೊಟ್ಟು, ಯಾವುದೋ ಒಂದು ವೇಗದಲ್ಲಿ ಮಾತ್ರ ಝರ್ ಎಂದು ಆಮೇಲೆ ಮಾಯವಾಗುತ್ತದೆಯೇ ಕೇಳಿ. ಹೌದಾದರೆ ಇಂಜಿನ್ನನ್ನು ಬಿಟ್ಟು ಹೊರಗಿನ ಸಾಮಾನನ್ನು ಅನುಮಾನಿಸಿ. ಷೋರೂಮಿನಲ್ಲಿ ಕೊನೇ ಗಳಿಗೆಯಲ್ಲಿ ಕೂರಿಸಿದ ಸ್ಯಾರಿ ಗಾರ್ಡ್, ಕ್ರ್ಯಾಶ್ ಗಾರ್ಡ್, ನಂಬರ್ ಪ್ಲೇಟ್, ಸೈಲೆನ್ಸರ್ ಮೇಲಿನ ತಗಡು, ಚೈನ್ ಕವರ್. ಒಬ್ಬರು ಅದೇ ವೇಗದಲ್ಲಿ ಎಕ್ಸಲರೇಟರ್ ಹಿಡಿದಿರಲಿ, ಇನ್ನೊಬ್ಬರು ಒಂದೊಂದನ್ನೇ ಕೈಯಿಂದ ಒತ್ತಿ ನೋಡಲಿ; ಸೈಲೆನ್ಸರ್ ಕಡೆಗೆ ಮರದ ತುಂಡು ಬಳಸಿ. ಒತ್ತಿದಾಗ ನಿಂತರೆ ಅದರ ಬೋಲ್ಟ್ ಬಿಗಿ ಮಾಡಿಸಿ, ರಬ್ಬರ್ ವಾಷರ್ ಇದೆಯೇ ನೋಡಿ.

ಇನ್ನು ಕ್ಲಚ್. ಐಡ್ಲಿಂಗ್‌ನಲ್ಲಿ ಕೇಳುವ ಗರಗರ ಸದ್ದು ಲಿವರ್ ಪೂರ್ತಿ ಹಿಡಿದಾಗ ನಿಂತರೆ ಅದು ಕ್ಲಚ್ ಮತ್ತು ಗೇರ್‌ಬಾಕ್ಸ್ ಭಾಗದ್ದು. ಸ್ವಲ್ಪ ಮಟ್ಟಿಗೆ ಎಲ್ಲ ಗಾಡಿಯಲ್ಲೂ ಇರುತ್ತದೆ. ತಿರುಗುಮುರುಗಾಗಿ, ಲಿವರ್ ಹಿಡಿದಾಗ ಮಾತ್ರ ಸದ್ದು ಹುಟ್ಟಿದರೆ ಕ್ಲಚ್ ಬಿಡಿಸುವ ಬೇರಿಂಗ್ ಕಡೆ ಗಮನ ಕೊಡಿ. ಫಸ್ಟ್ ಗೇರಿಗೆ ಹಾಕುವಾಗ ಟಕ್ ಎನ್ನುವುದು ಸಹಜ. ಅದು ಜೋರಾಗಿ ಗಾಡಿ ಮುಂದಕ್ಕೆ ಜಗ್ಗಿದರೆ ಲಿವರ್ ತುದಿಯ ಸಡಿಲ ಅಳೆಯಿರಿ, 10ರಿಂದ 20 ಮಿ.ಮೀ ಸಾಮಾನ್ಯ. ಹೆಚ್ಚಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ.

ಸದ್ದಿನ ಜಾಗ ಹಿಡಿಯಲು ಉದ್ದನೆಯ ಸ್ಕ್ರೂಡ್ರೈವರ್ ಸಾಕು. ತುದಿಯನ್ನು ಇಂಜಿನ್ ಕವರ್ ಮೇಲೆ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿ. ಹೆಡ್, ಸಿಲಿಂಡರ್, ಎಡ ಕವರ್, ಬಲ ಕವರ್ ಎಂದು ಜಾಗ ಬದಲಿಸುತ್ತಾ ಬನ್ನಿ. ಚೈನ್ ಮತ್ತು ಬೆಂಡ್ ಪೈಪಿನಿಂದ (ಹೆಡ್ಡಿನಿಂದ ಸೈಲೆನ್ಸರ್‌ಗೆ ಹೊಗೆ ಒಯ್ಯುವ ಪೈಪು) ದೂರ ಇರಿ, ಕೊರಳಲ್ಲಿ ಟವೆಲ್, ದುಪಟ್ಟಾ ಬೇಡ.

ಹೆಡ್ಡಿನ ಮೇಲೆ ಟಿಕ್ ಟಿಕ್ ಜೋರಾಗಿ ಕೇಳಿದರೂ ಟ್ಯಾಪೆಟ್ ಎಂದು ತೀರ್ಮಾನಿಸುವ ಮೊದಲು ಬೆಂಡ್ ಪೈಪ್ ಹೆಡ್ಡಿಗೆ ಸೇರುವ ಜಾಗ ನೋಡಿ. ಅಲ್ಲಿನ ಗ್ಯಾಸ್ಕೆಟ್ ಸರಿ ಕೂರದಿದ್ದರೆ ಹೊಗೆ ಸೋರಿ ಥೇಟ್ ಟ್ಯಾಪೆಟ್‌ನಂತೆಯೇ ಸದ್ದು ಬರುತ್ತದೆ. ಸುತ್ತ ಕಪ್ಪು ಮಸಿ, ಎಕ್ಸಲರೇಟರ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟ್ ಪಟ್, ತಣ್ಣಗಿದ್ದಾಗ ಜೋರು, ಬಿಸಿಯಾದಂತೆ ಕಮ್ಮಿ: ಇವು ಅದರ ಗುರುತು. ಬೆಳಿಗ್ಗೆ ಪೈಪ್ ಇನ್ನೂ ತಣ್ಣಗಿರುವಾಗ ಕೂಡುಜಾಗಕ್ಕೆ ಸೋಪಿನ ನೀರು ಹಚ್ಚಿ ಸ್ಟಾರ್ಟ್ ಮಾಡಿ. ಗುಳ್ಳೆ ಎದ್ದರೆ ಸೋರಿಕೆ ಖಚಿತ.

ಅಲ್ಲಿ ಸೋರಿಕೆ ಇಲ್ಲದಿದ್ದರೆ ಟ್ಯಾಪೆಟ್ ಸಂದು, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವಿನ ಜಾಗ, ಅಳೆಸಬೇಕು. ಇದು ತಣ್ಣನೆಯ ಇಂಜಿನ್‌ನಲ್ಲೇ ಆಗಬೇಕು. ಗಾಡಿ ಓಡಿಸಿಕೊಂಡು ಹೋದ ಹತ್ತೇ ನಿಮಿಷಕ್ಕೆ ಸ್ಪ್ಯಾನರ್ ಹಿಡಿಯುವವರಿಗೆ ಬೇಡ ಎನ್ನಿ. ಪಿಸ್ಟನ್ ಕಂಪ್ರೆಷನ್ ಹೊಡೆತದ ತುದಿಯಲ್ಲಿರಬೇಕು. ಮ್ಯಾಗ್ನೆಟ್ ಮೇಲಿನ 'ಟಿ' ಗುರುತು ಕೇಸಿನ ಗುರುತಿಗೆ ಕೂಡಬೇಕು, ಆಗ ಎರಡೂ ರಾಕರ್ ಸಡಿಲ ಇರುತ್ತವೆ. ಸಂದು ಅಳೆಯುವ ತೆಳು ಪಟ್ಟಿ (ಫೀಲರ್ ಗೇಜ್) ಸಣ್ಣ ಹಿಡಿತದೊಂದಿಗೆ ಜಾರಬೇಕು. ಅನೇಕ ಸಣ್ಣ ಗಾಡಿಗಳಿಗೆ ಇನ್‌ಟೇಕ್ 0.08, ಎಗ್ಸಾಸ್ಟ್ 0.12 ಮಿ.ಮೀ, ನಿಮ್ಮ ಗಾಡಿಯ ಮ್ಯಾನ್ಯುಯೆಲ್‌ನಲ್ಲಿ ಇರುವುದೇ ಅಂತಿಮ. "ಸೌಂಡೇ ಬರಬಾರದು ಹಂಗೆ ಮಾಡಣ್ಣ" ಎಂದು ಮಾತ್ರ ದಯವಿಟ್ಟು ಹೇಳಬೇಡಿ. ಸಂದು ಅತಿ ಬಿಗಿಯಾದರೆ ಸದ್ದು ನಿಲ್ಲುತ್ತದೆ ನಿಜ. ಆದರೆ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ, ಬಿಸಿ ಹೆಡ್ಡಿಗೆ ಇಳಿಯುವುದಿಲ್ಲ, ಕಂಪ್ರೆಷನ್ ಸೋರಿ ಸ್ಟಾರ್ಟಿಂಗ್ ಕಷ್ಟವಾಗುತ್ತದೆ, ಕೊನೆಗೆ ವಾಲ್ವ್ ಸುಡುತ್ತದೆ. ಸಣ್ಣ ಟಿಕ್ ಟಿಕ್ ಇರುವ ಇಂಜಿನ್ನೇ ಕ್ಷೇಮ.

ಇಂಜಿನ್ ಒಳಗೆ ವಾಲ್ವ್‌ಗಳನ್ನು ಆಡಿಸುವ ಟೈಮಿಂಗ್ ಚೈನ್ ಸದ್ದು ಬೇರೆ ತರಹ: ಲೊಡಲೊಡ ಎಂದು, ಸಿಲಿಂಡರ್‌ನ ಒಂದೇ ಪಕ್ಕದಲ್ಲಿ, ಅನೇಕ ಇಂಜಿನ್‌ಗಳಲ್ಲಿ ಎಡಕ್ಕೆ. ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡ್ ಅಥವಾ ಎಕ್ಸಲರೇಟರ್ ಬಿಡುವಾಗ ಹೆಚ್ಚು ಕೇಳುತ್ತದೆ. ಹೊಸ ಗಾಡಿಯಲ್ಲಿ ಚೈನ್ ಸವೆದಿರುವ ಸಂಭವ ಕಮ್ಮಿ, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಸಿಕ್ಕಿಕೊಂಡಿರಬಹುದು. ಇದು ವಾರಂಟಿಯಲ್ಲೇ ಆಗಬೇಕಾದ ಕೆಲಸ.

ಓಡುವಾಗ

ಖಾಲಿ ರಸ್ತೆ ಬೇಕು. ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಹಾದಿಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಮುಂಜಾನೆಯ ಸರ್ವಿಸ್ ರಸ್ತೆ ಸಾಕು. 40 ಕಿ.ಮೀ ವೇಗದಲ್ಲಿ ಕ್ಲಚ್ ಹಿಡಿದು ಎಕ್ಸಲರೇಟರ್ ಬಿಡಿ. ಇಂಜಿನ್ ಐಡ್ಲಿಂಗ್‌ಗೆ ಇಳಿಯುತ್ತದೆ, ಚಕ್ರ ಅದೇ ವೇಗದಲ್ಲಿ ತಿರುಗುತ್ತದೆ. ಸದ್ದೂ ಇಳಿದರೆ ಇಂಜಿನ್ ಕಡೆಯದು. ಹಾಗೇ ಉಳಿದರೆ ಚೈನ್, ಚಕ್ರದ ಬೇರಿಂಗ್ ಅಥವಾ ಬ್ರೇಕ್.

ಚೈನ್ ಅಂದಾಗ ಮಂಡ್ಯದ ಕಡೆಯವರು ಇನ್ನೂ ಒಂದು ನೋಡಬೇಕು. ನಾಲೆ ಏರಿ, ಗದ್ದೆ ದಾರಿಯ ಕೆಸರು, ಕಬ್ಬಿನ ಸೋಗೆ ಚೈನಿನ ಹಲ್ಲುಚಕ್ರಕ್ಕೆ (ಸ್ಪ್ರಾಕೆಟ್) ಸಿಕ್ಕಿ ಕರಕರ ಎನ್ನುತ್ತದೆ. ತೊಳೆದು, ಒಣಗಿಸಿ, ಆಯಿಲ್ ಬಿಟ್ಟು ಮತ್ತೆ ಕೇಳಿ. ಹೊಸ ಚೈನ್ ಮೊದಲ ಕೆಲವು ನೂರು ಕಿ.ಮೀನಲ್ಲೇ ಸಡಿಲವಾಗುತ್ತದೆ. ಕೆಳಗಿನ ಎಳೆಯ ನಟ್ಟನಡುವೆ ಮೇಲೆ ಕೆಳಗೆ ಆಡಿಸಿದರೆ 20ರಿಂದ 30 ಮಿ.ಮೀ ಬರುವುದು ಅನೇಕ ಗಾಡಿಗಳ ಲೆಕ್ಕ. ಚಕ್ರ ತಿರುಗಿಸುತ್ತಾ ಅತಿ ಬಿಗಿ ಇರುವ ಜಾಗದಲ್ಲಿ ಅಳೆಯಿರಿ.

ಚಾಮುಂಡಿ ಬೆಟ್ಟ ಹತ್ತುವಾಗ ಮಾತ್ರ ಕಿಣಿಕಿಣಿ ಎಂದು ಲೋಹದ ಸದ್ದು ಬರುತ್ತದೆಯೇ? ಮೇಲಿನ ಗೇರಿನಲ್ಲಿ ನಿಧಾನವಾಗಿ ಎಳೆಯುತ್ತಾ ಎಕ್ಸಲರೇಟರ್ ಪೂರ್ತಿ ತಿರುಗಿಸಿದರೆ ಪೆಟ್ರೋಲ್ ಸ್ಪಾರ್ಕಿನ ಉರಿ ತಲುಪುವ ಮುಂಚೆಯೇ ತನ್ನಷ್ಟಕ್ಕೆ ಸಿಡಿಯುತ್ತದೆ. ಒಂದು ಗೇರ್ ಇಳಿಸಿ. ನಿಂತರೆ ಅಷ್ಟೇ. ಸರಿಯಾದ ಗೇರಿನಲ್ಲೂ ಬಂದರೆ ಬೇರೆ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಹೋಲಿಸಿ, ಆಗಲೂ ಹೋಗದಿದ್ದರೆ ಸರ್ವಿಸ್‌ಗೆ ಕೊಡಿ. ಇದನ್ನು ಬಹಳ ದಿನ ಬಿಟ್ಟರೆ ಪಿಸ್ಟನ್ ಹಾಳಾಗುತ್ತದೆ.

ಇಂಜಿನ್ನಿನ ತಳದಿಂದ ದಪ್ಪಗೆ ಢಗ್ ಢಗ್ ಎಂದು, ಎಕ್ಸಲರೇಟರ್ ಕೊಟ್ಟಷ್ಟೂ ಏರುವ ಹೊಡೆತ ಕೇಳಿದರೆ, ಅಥವಾ ಸದ್ದಿನ ಜೊತೆ ಆಯಿಲ್ ದೀಪ ಹತ್ತಿದರೆ, ಅಲ್ಲೇ ನಿಲ್ಲಿಸಿ. ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗುತ್ತಿರಬಹುದು. ಮನೆ ಎರಡೇ ಕಿ.ಮೀ ದೂರ ಇದ್ದರೂ ಓಡಿಸಬೇಡಿ, ಗಾಡಿಯನ್ನು ಆಟೋದಲ್ಲಿ ಹೇರಿಸಿ ಕಳಿಸಿ.

ಸರ್ವಿಸ್‌ನಲ್ಲಿ

"ಏನೋ ಸೌಂಡ್ ಬರ್ತದೆ ಸಾರ್" ಎಂದರೆ ಜಾಬ್ ಕಾರ್ಡಿನಲ್ಲಿ "ನಾಯ್ಸ್ ಚೆಕ್" ಎಂದಷ್ಟೇ ಬೀಳುತ್ತದೆ. "ಬೆಳಿಗ್ಗೆ ತಣ್ಣಗಿದ್ದಾಗ ಒಂದು ನಿಮಿಷ ಎಡಗಡೆ ಲೊಡಲೊಡ ಅಂತದೆ, ಕ್ಲಚ್ ಹಿಡಿದ್ರೂ ನಿಲ್ಲಲ್ಲ, ಬಿಸಿಯಾದ್ಮೇಲೆ ಇರಲ್ಲ" ಎಂದು ಹೇಳಿ, ಅದನ್ನೇ ಬರೆಸಿ, ಕಿ.ಮೀ ಹಾಕಿಸಿ, ಪ್ರತಿ ಇಟ್ಟುಕೊಳ್ಳಿ. ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುವಾಗ ಮೀಟರೂ ಕಾಣಲಿ. ಹೊರಗೆ ಯಾರಿಂದಲೂ ಇಂಜಿನ್ ಕವರ್ ಬಿಚ್ಚಿಸಬೇಡಿ, ವಾರಂಟಿಗೆ ಅದೇ ನೆಪವಾಗುತ್ತದೆ.

ಮೊದಲ ಸರ್ವಿಸ್‌ನಲ್ಲಿ ಆಯಿಲ್ ಇಳಿಸುವಾಗ ಪಕ್ಕದಲ್ಲೇ ನಿಂತು ನೋಡಿ. ಬೆಳಕಿಗೆ ಹಿಡಿದರೆ ಮಿನುಗುವ ನುಣ್ಣನೆ ಪುಡಿ ಸಹಜ, ಭಾಗಗಳು ಒಂದಕ್ಕೊಂದು ಹೊಂದಿಕೊಂಡಾಗ ಬರುವುದು. ಬೆರಳಿಗೆ ಚುಚ್ಚುವ ಚೂರು ಬಂದರೆ ಹೊಸ ಆಯಿಲ್ ತುಂಬಿಸುವ ಮೊದಲೇ ತೋರಿಸಿ. ಸದ್ದು ತಣ್ಣಗಿದ್ದಾಗ ಮಾತ್ರ ಬರುವುದಾದರೆ ಗಾಡಿಯನ್ನು ಹಿಂದಿನ ಸಂಜೆಯೇ ಬಿಟ್ಟು, ಬೆಳಿಗ್ಗೆ ನೀವು ಹೋಗುವವರೆಗೆ ಯಾರೂ ಸ್ಟಾರ್ಟ್ ಮಾಡಬಾರದು ಎಂದು ಕಾರ್ಡಿನಲ್ಲೇ ಬರೆಸಿ.