ತೂಕ ಇಳಿಯಲಿ, ಬಾರಿನ ಮೇಲಿನ ಪ್ಲೇಟ್ ಇಳಿಯಬಾರದು

82 ಕೆ.ಜಿ.ಯಿಂದ 74.5ಕ್ಕೆ ಬರಲು ನನಗೆ 18 ವಾರ ಹಿಡಿಯಿತು. ಹೊಕ್ಕುಳಿನ ನೇರಕ್ಕೆ ಅಳೆದ ಸೊಂಟ 97 ಸೆಂ.ಮೀ. ಇದ್ದದ್ದು 86 ಆಯಿತು. ಶುರುವಿನಲ್ಲಿ ಪ್ಲೇಟ್ ಸೇರಿ 80 ಕೆ.ಜಿ. ತೂಗುವ ಕಬ್ಬಿಣದ ಬಾರ್ ಹೆಗಲ ಮೇಲೆ ಹೊತ್ತು ಆರು ಸ್ಕ್ವಾಟ್ (ಕೂತು ಏಳುವುದು) ಹೊಡೆಯುತ್ತಿದ್ದೆ, ಕೊನೆಯ ವಾರವೂ ಅದೇ 80, ಅದೇ ಆರು. ಮೂರರಲ್ಲಿ ಈ ಕೊನೆಯ ಲೆಕ್ಕವೇ ನನಗೆ ದೊಡ್ಡದು. ಬರೀ ತೂಕ ಇಳಿಸಬೇಕೆಂದರೆ ಹತ್ತು ದಿನ ಗಂಜಿ ಕುಡಿದರೂ ಇಳಿಯುತ್ತದೆ. ಇಳಿದದ್ದರಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು ಅನ್ನುವುದನ್ನು ನೋಡಬೇಕು.

ನಮ್ಮ ಕಡೆಯವರಿಗಂತೂ ಇದನ್ನು ನೋಡದೆ ವಿಧಿಯಿಲ್ಲ. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೊ ಅಕ್ಕಪಕ್ಕ ಬಂತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಕೂಡ 22.3. ಆದರೆ ಮೈಯ ಕೊಬ್ಬು ಯುಡ್ಕಿನ್ ಅವರಿಗೆ 9.1%, ಯಾಜ್ಞಿಕ್ ಅವರಿಗೆ 21.2%. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಅನ್ನುವ ನಮ್ಮ ಮೈಕಟ್ಟಿನಲ್ಲಿ ಸ್ನಾಯು ಮೊದಲೇ ಕಡಿಮೆ. ಊಟ ಬಿಟ್ಟು ಅದನ್ನೂ ಕರಗಿಸಿಕೊಂಡರೆ ತಕ್ಕಡಿ ಖುಷಿಪಡುತ್ತದೆ, ಹೊಟ್ಟೆ ಇದ್ದಲ್ಲೇ ಇರುತ್ತದೆ. ಹಾಗಾಗಿ ತೂಕಕ್ಕಿಂತ ಸೊಂಟದ ಟೇಪನ್ನು ಹೆಚ್ಚು ನಂಬಿ. ನಮ್ಮವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚರಿಕೆ ಎಂದು ಲೆಕ್ಕ.

ಮೊದಲ ಎರಡು ವಾರ ಊಟದಲ್ಲಿ ಏನನ್ನೂ ಬದಲಿಸಲಿಲ್ಲ. ತಿಂದದ್ದನ್ನೆಲ್ಲ ತೂಗಿ ಬರೆದಿಟ್ಟೆ, ಅಷ್ಟೆ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ಸ್ಕೇಲ್ ಇದ್ದರೆ ಸಾಕು. ದಿನಾ ಬೆಳಿಗ್ಗೆ ಶೌಚ ಮುಗಿಸಿ, ನೀರು ಕುಡಿಯುವ ಮೊದಲು ತೂಕ ನೋಡಿ, ಏಳು ದಿನದ ಸರಾಸರಿ ತೆಗೆದೆ. ತೂಕ ಏರದೆ ಇಳಿಯದೆ ನಿಂತದ್ದು ದಿನಕ್ಕೆ ಸುಮಾರು 2,350 ಕ್ಯಾಲರಿಯಲ್ಲಿ. ಅದರಲ್ಲಿ 450 ಕಳೆದು 1,900ಕ್ಕೆ ನಿಲ್ಲಿಸಿದೆ. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುವುದರಿಂದ ಈ ಕೊರತೆಗೆ ವಾರಕ್ಕೆ 400 ಗ್ರಾಂ ಆಸುಪಾಸು ಇಳಿಯಬೇಕು. ಇಳಿದದ್ದೂ ಅಷ್ಟೇ. ವಾರಕ್ಕೆ ಮೈತೂಕದ 0.5ರಿಂದ 0.7% ಅನ್ನುವುದು ಒಳ್ಳೆಯ ವೇಗ. ಬೊಜ್ಜು ಹೆಚ್ಚಿದ್ದವರು 1%ವರೆಗೆ ಹೋಗಬಹುದು. ಅದಕ್ಕೂ ಮೀರಿದರೆ ಸ್ನಾಯುವಿನ ಖಾತೆಯಿಂದಲೂ ಹಣ ತೆಗೆದಂತೆ.

ಪ್ರೋಟೀನಿನ ಲೆಕ್ಕ ಕೆ.ಜಿ.ಗೆ 1.8 ಗ್ರಾಂ. ಇದನ್ನು ಈಗಿರುವ ತೂಕಕ್ಕಲ್ಲ, ತಲುಪಬೇಕಾದ ತೂಕಕ್ಕೆ ಗುಣಿಸಿಕೊಳ್ಳಿ. ನನ್ನ ಗುರಿ 75 ಕೆ.ಜಿ., ಆದ್ದರಿಂದ 135 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ 0.83 ಗ್ರಾಂ ತಪ್ಪೇನಲ್ಲ, ಅದು ಹೊಟ್ಟೆ ತುಂಬ ಉಣ್ಣುವ ಆರೋಗ್ಯವಂತರಿಗೆ ಹೇಳಿದ್ದು. ಕೊರತೆಯಲ್ಲಿದ್ದಾಗ ದೇಹ ಪ್ರೋಟೀನನ್ನೂ ಇಂಧನವಾಗಿ ಉರಿಸುತ್ತದೆ, ಅದಕ್ಕೇ ಹೆಚ್ಚು ಬೇಕು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕೆ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 40 ಯುವಕರಿಗೆ ನಾಲ್ಕು ವಾರ ಊಟವನ್ನು 40% ಕಡಿಮೆ ಮಾಡಿ, ವಾರಕ್ಕೆ ಆರು ದಿನ ಕಠಿಣ ವ್ಯಾಯಾಮ ಮಾಡಿಸಿದರು. ಕೆ.ಜಿ.ಗೆ 1.2 ಗ್ರಾಂ ತಿಂದವರು 3.5 ಕೆ.ಜಿ. ಕೊಬ್ಬು ಕಳೆದುಕೊಂಡರು, ಸ್ನಾಯು ಇದ್ದಷ್ಟೇ ಉಳಿಯಿತು. 2.4 ಗ್ರಾಂ ತಿಂದವರು 4.8 ಕೆ.ಜಿ. ಕೊಬ್ಬು ಕಳೆದು, ಮೇಲಿಂದ 1.2 ಕೆ.ಜಿ. ಕೊಬ್ಬಿಲ್ಲದ ಮೈತೂಕ ಗಳಿಸಿದರು. ಎರಡೂ ಗುಂಪಿಗೆ ಭಾರ ಎತ್ತಿಸಿದ್ದರು ಅನ್ನುವುದನ್ನು ಮರೆಯಬಾರದು. ಎತ್ತದವನಿಗೆ ಪ್ರೋಟೀನ್ ಒಂದೇ ಇಷ್ಟು ಕೆಲಸ ಮಾಡಿಕೊಡುವುದಿಲ್ಲ.

ಇನ್ನು ನಮ್ಮ ಅಡುಗೆಮನೆ. ಇಲ್ಲಿ ಎರಡು ಕಡೆ ಲೆಕ್ಕ ತಪ್ಪುತ್ತದೆ, ಬೇಳೆ ಮತ್ತು ಎಣ್ಣೆ. ನಾಲ್ಕು ಜನರ ಸಾರಿಗೆ ಹಾಕುವ ತೊಗರಿಬೇಳೆ ಸುಮಾರು 60 ಗ್ರಾಂ. ಅದರಲ್ಲಿ ಪ್ರೋಟೀನ್ 13 ಗ್ರಾಂ, ತಲೆಗೆ ಮೂರು ಗ್ರಾಂ ಚಿಲ್ಲರೆ. ಬೇಳೆ ತಳದಲ್ಲಿ ಕೂತು ತಿಳಿ ಮಾತ್ರ ತಟ್ಟೆಗೆ ಬಂದರೆ ಅದೂ ಇಲ್ಲ. "ದಿನಾ ಸಾರನ್ನ ತಿಂತೀನಿ, ಪ್ರೋಟೀನ್ ಸಿಗುತ್ತೆ" ಅನ್ನುವವರು ಒಮ್ಮೆ ಬೇಳೆ ತೂಗಿ ನೋಡಬೇಕು.

ಎಣ್ಣೆಯದು ಇನ್ನೂ ಕಣ್ಣಿಗೆ ಕಾಣದ ಲೆಕ್ಕ. ಒಂದು ಗ್ರಾಂಗೆ ಒಂಬತ್ತು ಕ್ಯಾಲರಿ. ಚಮಚದಲ್ಲಿ ಅಳೆಯುವ ಬದಲು ಎಣ್ಣೆ ಬಾಟಲಿಯನ್ನೇ ಸ್ಕೇಲ್ ಮೇಲಿಟ್ಟು ಸೊನ್ನೆ ಮಾಡಿ. ಒಗ್ಗರಣೆಗೆ ಬಗ್ಗಿಸಿ ಮತ್ತೆ ಅಲ್ಲೇ ಇಡಿ, ಮೈನಸ್ ಗುರುತಿನ ಜೊತೆ ಬರುವ ಸಂಖ್ಯೆಯೇ ಬಾಣಲೆಗೆ ಬಿದ್ದ ಗ್ರಾಂ. "ಸ್ವಲ್ಪ" ಅಂದುಕೊಂಡು ಹಾಕಿದ್ದು 30 ಗ್ರಾಂ ಇರುತ್ತದೆ, ಅಂದರೆ 270 ಕ್ಯಾಲರಿ. ಪಲ್ಯಕ್ಕೆ 10 ಗ್ರಾಂ ಧಾರಾಳ ಸಾಕು. ಬಾಣಲೆ ಚೆನ್ನಾಗಿ ಕಾಯಿಸಿ, ಸಾಸಿವೆ ಸಿಡಿದ ಮೇಲೆ ತರಕಾರಿ ಹಾಕಿ, ಅಂಟುವ ಹಾಗಾದರೆ ಒಂದೊಂದೇ ಚಮಚ ನೀರು ಚಿಮುಕಿಸಿ. ತೆಂಗಿನತುರಿ 30 ಗ್ರಾಂಗೆ 105 ಕ್ಯಾಲರಿ. ನಾನು ತೆಂಗು ಬಿಟ್ಟಿಲ್ಲ, ತೂಗಿ ಹಾಕಿದೆ. ಕೊಬ್ಬನ್ನು ಪೂರ್ತಿ ಬಿಡುವುದೂ ತಪ್ಪು, ದಿನಕ್ಕೆ ಒಟ್ಟು 50 ಗ್ರಾಂಗಿಂತ ಕೆಳಗೆ ಇಳಿಸಲಿಲ್ಲ. ಇನ್ನು ಕಡಲೆಕಾಯಿಯನ್ನು ಪ್ರೋಟೀನ್ ಎಂದು ಮುಕ್ಕುವವರಿದ್ದಾರೆ. 100 ಗ್ರಾಂನಲ್ಲಿ 25 ಗ್ರಾಂ ಪ್ರೋಟೀನ್ ಇದೆ, ನಿಜ. ಜೊತೆಗೆ 567 ಕ್ಯಾಲರಿಯೂ ಇದೆ.

ಒಂದು ದಿನದ ಊಟ ಹೀಗಿತ್ತು. ಬೆಳಿಗ್ಗೆ ಮೂರು ಇಡ್ಲಿ, ಒಂದು ಬಟ್ಟಲು ಸಾಂಬಾರು, ಎರಡು ಇಡೀ ಮೊಟ್ಟೆ, ಇನ್ನೆರಡರ ಬಿಳಿ. ಇಷ್ಟಕ್ಕೆ 435 ಕ್ಯಾಲರಿ, 28 ಗ್ರಾಂ ಪ್ರೋಟೀನ್. ಮಧ್ಯಾಹ್ನ 80 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆ, 40 ಗ್ರಾಂ ಹುರುಳಿ ಮೊಳಕೆ ಕಟ್ಟಿ ಮಾಡಿದ ಸಾರು, ಹಸಿಯಾಗಿ ತೂಗಿದ 150 ಗ್ರಾಂ ಕೋಳಿ ಎದೆಮಾಂಸ, 10 ಗ್ರಾಂ ಎಣ್ಣೆ. ಒಟ್ಟು 650 ಕ್ಯಾಲರಿ, 49 ಗ್ರಾಂ. ಸಂಜೆ ನೀರಿನಲ್ಲಿ ಕಲಸಿದ ಒಂದು ಸ್ಕೂಪ್ ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಮತ್ತು ಒಂದು ಬಾಳೆಹಣ್ಣು, 220 ಕ್ಯಾಲರಿ, 25 ಗ್ರಾಂ. ರಾತ್ರಿ 50 ಗ್ರಾಂ ಅಕ್ಕಿಯ ಅನ್ನ, 40 ಗ್ರಾಂ ಸೋಯಾ ಚಂಕ್ಸ್, ಒಂದು ತಟ್ಟೆ ತರಕಾರಿ ಪಲ್ಯ, 150 ಗ್ರಾಂ ಮೊಸರು, 10 ಗ್ರಾಂ ಎಣ್ಣೆ. ಇದು 555 ಕ್ಯಾಲರಿ, 30 ಗ್ರಾಂ. ಸಕ್ಕರೆಯಿಲ್ಲದ ಎರಡು ಕಾಫಿಯ ಹಾಲು ಸೇರಿ 1,900 ಚಿಲ್ಲರೆ. ಮೊಸರು ನಂದಿನಿ ನೀಲಿ ಪ್ಯಾಕೆಟ್ ಹಾಲಿನದು, ಅದರಲ್ಲಿ ಕೊಬ್ಬು 3%. ರಾತ್ರಿ ಅನ್ನ ತಿಂದರೆ ಬೊಜ್ಜು ಬರುತ್ತದೆ ಅನ್ನುವ ಮಾತಿನಲ್ಲಿ ಹುರುಳಿಲ್ಲ. ದಿನದ ಒಟ್ಟು ಲೆಕ್ಕ ಸರಿಯಿದ್ದರೆ ಅನ್ನ ಯಾವ ಹೊತ್ತಿಗಾದರೂ ಆಗಬಹುದು.

ಮೊಟ್ಟೆ ಮಾಂಸ ಮುಟ್ಟದವರಿಗೆ ಬೆಳಿಗ್ಗೆ 60 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, ಮಧ್ಯಾಹ್ನ 50 ಗ್ರಾಂ ಸೋಯಾ, ರಾತ್ರಿ ಮನೆಯಲ್ಲೇ ಒಡೆಸಿದ ಪನೀರ್. ಒಂದು ಲೀಟರ್ ನೀಲಿ ಪ್ಯಾಕೆಟ್ ಹಾಲಿಗೆ ಸುಮಾರು 150 ಗ್ರಾಂ ಪನೀರ್ ಸಿಗುತ್ತದೆ, ಅದರಲ್ಲಿ 25 ಗ್ರಾಂನಷ್ಟು ಪ್ರೋಟೀನ್. ವೇ ಒಂದರ ಬದಲು ಎರಡು ಸ್ಕೂಪ್ ಬೇಕಾಗುತ್ತದೆ. ಕಾಳುಬೇಳೆಯಲ್ಲೇ 135 ಗ್ರಾಂ ಮುಟ್ಟಲು ಹೊರಟರೆ ಹೊಟ್ಟೆಯಲ್ಲಿ ಗಾಳಿ, ಕ್ಯಾಲರಿಯೂ ಮಿತಿ ಮೀರುತ್ತದೆ.

ಸೋಯಾ ಬಗ್ಗೆ ಒಂದಿಷ್ಟು ಬಿಡಿಸಿ ಹೇಳಬೇಕು. ದುಡ್ಡಿನ ಲೆಕ್ಕದಲ್ಲಿ ಇದಕ್ಕಿಂತ ಅಗ್ಗದ ಪ್ರೋಟೀನ್ ಅಂಗಡಿಯಲ್ಲಿಲ್ಲ, ಆದರೂ "ವಾಸನೆ" ಎಂದು ಬಿಡುವವರೇ ಹೆಚ್ಚು. ಕುದಿಯುವ ಉಪ್ಪುನೀರಿಗೆ ಒಣ ಚಂಕ್ಸ್ ಹಾಕಿ ಎಂಟು ನಿಮಿಷ ಬೇಯಿಸಿ, ನೊರೆ ಬಂದ ನೀರನ್ನು ಬಸಿದು, ತಣ್ಣೀರಿನಲ್ಲಿ ಎರಡು ಸಲ ತೊಳೆಯಿರಿ. ಆಮೇಲೆ ಒಂದೊಂದು ಹಿಡಿ ತೆಗೆದುಕೊಂಡು ಎರಡೂ ಅಂಗೈ ನಡುವೆ, ನೀರು ತೊಟ್ಟಿಕ್ಕುವುದು ನಿಲ್ಲುವವರೆಗೆ ಹಿಂಡಿ. ವಾಸನೆ ಇರುವುದೇ ಆ ನೀರಿನಲ್ಲಿ. ಹಿಂಡದಿದ್ದರೆ ಮಸಾಲೆಗೆ ಒಳಗೆ ಜಾಗವೂ ಇಲ್ಲ. ಹಿಂಡಿದ ಮೇಲೆ ಮೊಸರು, ಶುಂಠಿ ಬೆಳ್ಳುಳ್ಳಿ, ಮೆಣಸಿನಪುಡಿ, ಉಪ್ಪು ಕಲಸಿ ಹದಿನೈದು ನಿಮಿಷ ಬಿಟ್ಟು, ಕಾದ ಕಬ್ಬಿಣದ ಬಾಣಲೆಯಲ್ಲಿ ಅಂಚು ಕೆಂಪಗಾಗುವವರೆಗೆ ಹುರಿಯಿರಿ. ತೂಕ ಮಾತ್ರ ಒಣಗಿದ್ದಾಗಲೇ ನೋಡಬೇಕು. 100 ಗ್ರಾಂಗೆ 52 ಗ್ರಾಂ ಪ್ರೋಟೀನ್ ಅನ್ನುವುದು ಒಣ ಚಂಕ್ಸ್‌ಗೆ. ಬೆಂದದ್ದನ್ನು 100 ಗ್ರಾಂ ತೂಗಿ ಅದೇ ಲೆಕ್ಕ ಬರೆದುಕೊಂಡರೆ ದಿನಕ್ಕೆ ಮೂವತ್ತು ಗ್ರಾಂ ಪ್ರೋಟೀನ್ ಪುಸ್ತಕದಲ್ಲಿ ಮಾತ್ರ ಇರುತ್ತದೆ.

ವ್ಯಾಯಾಮ ವಾರಕ್ಕೆ ಮೂರು ದಿನ, ಎಲ್ಲವೂ ಜಿಮ್ಮಿನಲ್ಲಿ ಭಾರ ಹಿಡಿದು ಮಾಡುವಂಥವು. ಒಂದು ದಿನ ಸ್ಕ್ವಾಟ್, ಬೆಂಚ್ ಪ್ರೆಸ್, ಬಾರ್‌ಬೆಲ್ ರೋ. ಇನ್ನೊಂದು ದಿನ ರೊಮೇನಿಯನ್ ಡೆಡ್‌ಲಿಫ್ಟ್, ಓವರ್‌ಹೆಡ್ ಪ್ರೆಸ್, ಲ್ಯಾಟ್ ಪುಲ್‌ಡೌನ್. ಮೂರನೆಯ ದಿನ ಡಂಬೆಲ್ ಹಿಡಿದು ಸ್ಪ್ಲಿಟ್ ಸ್ಕ್ವಾಟ್, ಇನ್‌ಕ್ಲೈನ್ ಪ್ರೆಸ್, ಒಂಟಿಗೈ ರೋ. ಪ್ರತಿಯೊಂದೂ ಮೂರು ಸೆಟ್ (ಸುತ್ತು), ಸುತ್ತಿಗೆ ಆರರಿಂದ ಹತ್ತು ರೆಪ್ (ಸಲ ಎತ್ತುವುದು), ಇನ್ನೊಂದೆರಡು ಎತ್ತಬಹುದು ಅನ್ನುವಾಗ ನಿಲ್ಲಿಸುವುದು. ದೊಡ್ಡ ಲಿಫ್ಟ್‌ಗಳ (ಭಾರ ಎತ್ತುವ ವ್ಯಾಯಾಮಗಳ) ಸೆಟ್‌ಗಳ ನಡುವೆ ಎರಡೂವರೆ ಮೂರು ನಿಮಿಷ ವಿಶ್ರಾಂತಿ. ಬೆವರು ಬರಲಿ ಎಂದು ವಿಶ್ರಾಂತಿ ಕಡಿಮೆ ಮಾಡಿದರೆ ಎತ್ತುವ ತೂಕ ಬೀಳುತ್ತದೆ, ಅಲ್ಲಿಗೆ ಕೆಲಸ ಕೆಟ್ಟಿತು.

ಜಿಮ್‌ಗಳಲ್ಲಿ ಕಿವಿಗೆ ಬೀಳುವ ಅತಿ ಕೆಟ್ಟ ಸಲಹೆ ಇದು: ಕೊಬ್ಬು ಇಳಿಸುವಾಗ ಹಗುರ ತೂಕ ಹಿಡಿದು ಇಪ್ಪತ್ತೈದು ರೆಪ್ ಮಾಡಿ. ಸ್ನಾಯುವನ್ನು ಸಾಕಲು ದೇಹಕ್ಕೆ ಖರ್ಚಿದೆ. ಊಟ ಕಡಿಮೆಯಾದಾಗ ಬೇಡದ ಖರ್ಚನ್ನು ಅದು ಮೊದಲು ಕಡಿಯುತ್ತದೆ. ಈ ಸ್ನಾಯು ಬೇಕು ಎಂದು ಅದಕ್ಕೆ ತಿಳಿಸುವುದು ಭಾರ. ದಣಿವು ಹೆಚ್ಚಾದರೆ ಸೆಟ್ ಕಡಿಮೆ ಮಾಡಿ, ಮೂರು ಇದ್ದದ್ದು ಎರಡಾಗಲಿ. ಪ್ಲೇಟ್ ಮಾತ್ರ ತೆಗೆಯಬೇಡಿ. ಪ್ರತಿ ಸೆಟ್ಟಿನ ತೂಕ, ರೆಪ್ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದು ದಿನ ಒಂದು ರೆಪ್ ಕಡಿಮೆಯಾದರೆ ಚಿಂತೆಯಿಲ್ಲ. ಎಲ್ಲ ಲಿಫ್ಟ್‌ಗಳಲ್ಲೂ ಎರಡು ವಾರ ಸತತ ಎರಡೆರಡು ರೆಪ್ ಬಿದ್ದರೆ ಸ್ನಾಯು ಅಪಾಯದಲ್ಲಿದೆ ಎಂದು ತಿಳಿದು ಮೊದಲು ನಿದ್ದೆ ನೋಡಿ, ಆಮೇಲೆ ಊಟಕ್ಕೆ 150 ಕ್ಯಾಲರಿ ಸೇರಿಸಿ. ಮೈಯಲ್ಲಿ ಸಣ್ಣ ವಿದ್ಯುತ್ ಹರಿಸಿ ಅಳೆಯುವ ಬಯೊಇಂಪಿಡೆನ್ಸ್ ತಕ್ಕಡಿ ತೋರಿಸುವ ಕೊಬ್ಬಿನ ಶೇಕಡಾವಾರು ಎರಡು ಲೋಟ ನೀರಿಗೆ ಬದಲಾಗುತ್ತದೆ. ನೋಟ್‌ಬುಕ್ ಹಾಗೆ ಮಾತು ಬದಲಿಸುವುದಿಲ್ಲ.

ಓಟ ನನ್ನ ಯೋಜನೆಯಲ್ಲಿ ಇರಲಿಲ್ಲ, ನಡಿಗೆ ಇತ್ತು: ದಿನಕ್ಕೆ 8,000 ಹೆಜ್ಜೆ. ಊಟ ಕಡಿಮೆಯಾದಾಗ ನಮಗೇ ಗೊತ್ತಾಗದ ಹಾಗೆ ಓಡಾಟ ಕಡಿಮೆಯಾಗುತ್ತದೆ, ಮೆಟ್ಟಿಲು ಹತ್ತುವವರು ಲಿಫ್ಟ್ ಹುಡುಕುತ್ತಾರೆ. ಹೆಜ್ಜೆ ಎಣಿಸುವುದು ಆ ಸೋರಿಕೆಗೆ ಕಟ್ಟುವ ಒಡ್ಡು. ವಾಚು ತೋರಿಸಿದ ಕ್ಯಾಲರಿಯನ್ನು ನಂಬಿ ಅಷ್ಟನ್ನು ಮತ್ತೆ ತಿನ್ನಬೇಡಿ.

ನಿದ್ದೆಯನ್ನು ಹಗುರವಾಗಿ ತೆಗೆದುಕೊಳ್ಳುವವರಿಗೆ 2010ರಲ್ಲಿ ಪ್ರಕಟವಾದ ಷಿಕಾಗೊ ವಿಶ್ವವಿದ್ಯಾಲಯದ ಪ್ರಯೋಗವನ್ನು ಹೇಳುತ್ತೇನೆ. ಹತ್ತೇ ಜನ, ಅವರಿಗೇ ಎರಡು ಸರದಿ, ಒಂದೊಂದು ಹದಿನಾಲ್ಕು ದಿನ. ಕಡಿಮೆ ಮಾಡಿದ ಊಟ ಎರಡರಲ್ಲೂ ಒಂದೇ. ಎಂಟೂವರೆ ಗಂಟೆ ಮಲಗಲು ಬಿಟ್ಟಾಗ 1.4 ಕೆ.ಜಿ. ಕೊಬ್ಬು ಇಳಿಯಿತು, ಐದೂವರೆ ಗಂಟೆಗೆ ಇಳಿಸಿದಾಗ 0.6 ಕೆ.ಜಿ. ಮಾತ್ರ. ಒಟ್ಟು ತೂಕ ಎರಡು ಸಲವೂ ಮೂರು ಕೆ.ಜಿ.ಯಷ್ಟೇ ಇಳಿದಿತ್ತು. ಅಂದರೆ ನಿದ್ದೆಗೆಟ್ಟಾಗ ಉಳಿದದ್ದೆಲ್ಲ ಹೋದದ್ದು ಕೊಬ್ಬಿಲ್ಲದ ಮೈಯಿಂದ.

ತಕ್ಕಡಿ ಹೆದರಿಸುವ ದಿನಗಳು ಬರುತ್ತವೆ. ಹಬ್ಬದ ದಿನ ಎರಡು ಹೋಳಿಗೆ, ಚಿತ್ರಾನ್ನ, ಉಪ್ಪಿನಕಾಯಿ ತಿಂದ ಮರುದಿನ 1.2 ಕೆ.ಜಿ. ಏರಿರುತ್ತದೆ. ಅಷ್ಟು ಕೊಬ್ಬಾಗಲು 9,000 ಕ್ಯಾಲರಿ ಹೆಚ್ಚುವರಿ ತಿನ್ನಬೇಕು, ಯಾರೂ ತಿಂದಿರುವುದಿಲ್ಲ. ಪಿಷ್ಟ ಒಂದು ಗ್ರಾಂ ಗ್ಲೈಕೋಜನ್ (ದೇಹ ಕೂಡಿಡುವ ಸಕ್ಕರೆಯ ದಾಸ್ತಾನು) ಆಗಿ ಕೂತಾಗ ಸುಮಾರು ಮೂರು ಗ್ರಾಂ ನೀರು ಹಿಡಿಯುತ್ತದೆ, ಉಪ್ಪು ಇನ್ನಷ್ಟು. ಮೂರು ದಿನದಲ್ಲಿ ಅದು ಇಳಿಯುತ್ತದೆ. ಊಟ ಕಡಿಮೆ ಮಾಡಿದ ಮೊದಲ ವಾರ ಒಂದೂವರೆ ಕೆ.ಜಿ. ಇಳಿದದ್ದೂ ಬಹುಪಾಲು ಇದೇ ನೀರು, ಅದಕ್ಕೆ ಹಿಗ್ಗಬೇಕಿಲ್ಲ. ಹೆಂಗಸರು ಈ ವಾರವನ್ನು ಕಳೆದ ವಾರದ ಜೊತೆ ಹೋಲಿಸಬಾರದು, ಕಳೆದ ತಿಂಗಳ ಮುಟ್ಟಿನ ಚಕ್ರದ ಅದೇ ವಾರದ ಜೊತೆ ಹೋಲಿಸಬೇಕು. ದಿನಕ್ಕೆ ಮೂರು ಗ್ರಾಂ ಕ್ರಿಯೇಟಿನ್ (ಭಾರ ಎತ್ತುವವರು ಬಲಕ್ಕೆಂದು ತಿನ್ನುವ ಪುಡಿ) ತೆಗೆದುಕೊಳ್ಳುವವರಿಗೂ ಮೊದಲ ತಿಂಗಳು ಸ್ವಲ್ಪ ನೀರಿನ ತೂಕ ಸೇರುತ್ತದೆ. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ನೋಡಲು ಅಳೆಯುವ ಕ್ರಿಯೇಟಿನೈನ್ ತುಸು ಹೆಚ್ಚು ಬರಬಹುದು, ವೈದ್ಯರಿಗೆ ಮೊದಲೇ ತಿಳಿಸಿ.

ವಾರದ ಸರಾಸರಿಯೂ ಸೊಂಟವೂ ಮೂರು ವಾರ ಅಲ್ಲಾಡದಿದ್ದರೆ ಮಾತ್ರ ಊಟದ ಲೆಕ್ಕ ಬದಲಿಸಿ. ಅದಕ್ಕೂ ಮೊದಲು ನಾಲ್ಕು ದಿನ ಎಲ್ಲವನ್ನೂ ಮತ್ತೆ ತೂಗಿ. ಹತ್ತರಲ್ಲಿ ಎಂಟು ಸಲ ಎಣ್ಣೆ ಅಥವಾ ಚಟ್ನಿಯೇ ಸಿಕ್ಕಿಬೀಳುತ್ತದೆ. ಲೆಕ್ಕ ಸರಿಯಿದ್ದರೆ ಅನ್ನದಲ್ಲೋ ಎಣ್ಣೆಯಲ್ಲೋ 100ರಿಂದ 150 ಕ್ಯಾಲರಿ ಕಡಿಮೆ ಮಾಡಿ, ಇಲ್ಲವೇ 2,000 ಹೆಜ್ಜೆ ಸೇರಿಸಿ. ಪ್ರೋಟೀನ್ ಮುಟ್ಟಬೇಡಿ. ಒಂಬತ್ತನೆಯ ವಾರ ನಾನು ಕೊರತೆ ಬಿಟ್ಟು ತೂಕ ನಿಲ್ಲುವಷ್ಟು ತಿಂದೆ. ಹೆಚ್ಚಿಸಿದ್ದೆಲ್ಲ ಅನ್ನ, ಮುದ್ದೆಯಲ್ಲಿ. ಆ ವಾರದ ಕೊನೆಗೆ ಬಾರು ಹಗುರ ಅನ್ನಿಸಿತು.

ಮೂತ್ರಪಿಂಡದ ತೊಂದರೆ ಇರುವವರು ಇಷ್ಟು ಪ್ರೋಟೀನ್ ತಿನ್ನುವ ಮೊದಲು ವೈದ್ಯರನ್ನು ಕೇಳಲೇಬೇಕು. ಇನ್ಸುಲಿನ್, ಸಕ್ಕರೆ ಮಾತ್ರೆ ಅಥವಾ ಬಿ.ಪಿ. ಮಾತ್ರೆಯಲ್ಲಿರುವವರಿಗೆ ಊಟ ಕಡಿಮೆಯಾದಂತೆ ಔಷಧದ ಪ್ರಮಾಣವೂ ಬದಲಾಗಬೇಕಾಗಬಹುದು. ಬಸುರಿಯರು, ಹಾಲೂಡಿಸುವವರು ಇದಕ್ಕೆ ಇಳಿಯುವುದೇ ಬೇಡ.

ಗುರಿ ಮುಟ್ಟಿದ ದಿನ ಹಳೆಯ ಊಟಕ್ಕೆ ಹಾರಬೇಡಿ. ದಿನದ ಊಟವನ್ನು ವಾರಕ್ಕೆ 100 ಕ್ಯಾಲರಿಯಂತೆ ಮೂರು ವಾರ ಏರಿಸಿ. ಮೈ ಸಣ್ಣದಾಗಿರುವುದರಿಂದ ನಿಲ್ಲುವ ಜಾಗ ಮೊದಲಿನ 2,350 ಆಗಿರುವುದಿಲ್ಲ, ನನಗೆ ಅದು 2,200ರ ಹತ್ತಿರ ನಿಂತಿತು. ಈ ಮೂರು ವಾರದಲ್ಲಿ ಒಂದು ಕೆ.ಜಿ.ವರೆಗೆ ಏರುವುದು ನೀರು ಮತ್ತು ಗ್ಲೈಕೋಜನ್, ಸೊಂಟ ಹಾಗೇ ಇರುತ್ತದೆ. ಟೇಪು 2 ಸೆಂ.ಮೀ. ಹೆಚ್ಚು ತೋರಿಸಿದರೆ ಮಾತ್ರ ಒಂದು ಹಂತ ಹಿಂದಕ್ಕೆ ಬನ್ನಿ. ಹೆಚ್ಚಿಗೆ ಬಂದ ಆ ಅನ್ನವನ್ನು ವ್ಯಾಯಾಮದ ದಿನಗಳಿಗೇ ಇಟ್ಟುಕೊಂಡು, ಬಾರಿಗೆ ಎರಡೂವರೆ ಕೆ.ಜಿ. ಏರಿಸಲು ಶುರುಮಾಡಿ.