ಅಘನಾಶಿನಿ ಅಳಿವೆ: ಭರತ-ಇಳಿತ ನೋಡಿ ತಿರುಗುವ ಬಗೆ

ಡಿಸೆಂಬರಿನಲ್ಲಿ ಗೋಕರ್ಣದ ಓಂ ಬೀಚು ಗಿಜಿಗುಡುತ್ತಿದ್ದರೂ, ಅಲ್ಲಿಂದ ತುಸು ದಕ್ಷಿಣಕ್ಕಿರುವ ಅಘನಾಶಿನಿ ಅಳಿವೆಯ ಕಡೆ ಹೆಚ್ಚು ಜನ ಹೊರಳುವುದಿಲ್ಲ. ಶಿರಸಿಯ ಕಡೆ ಹುಟ್ಟಿದ ಹೊಳೆ, ದಾರಿಯಲ್ಲಿ ಎಲ್ಲೂ ಅಣೆಕಟ್ಟೆಗೆ ಸಿಗದೆ ಕುಮಟಾ ತಾಲೂಕಿನಲ್ಲಿ ಕಡಲು ಸೇರುತ್ತದೆ. 2024ರಲ್ಲಿ ಇದರ 4801 ಹೆಕ್ಟೇರ್ ಪ್ರದೇಶ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಬಂದವರಲ್ಲಿ ಕೆಲವರು "ಬರೀ ಕೆಸರು" ಎಂದು ಹಿಂದಿರುಗುತ್ತಾರೆ, ಕೆಲವರು "ಬರೀ ನೀರು" ಎನ್ನುತ್ತಾರೆ. ಇಬ್ಬರೂ ನೋಡಿದ್ದು ಒಂದೇ ಜಾಗವನ್ನು, ಹೊತ್ತು ಮಾತ್ರ ಬೇರೆ.

ಹಾಗಾಗಿ ರೂಮು ಬುಕ್ ಮಾಡುವ ಮೊದಲು ಪಂಚಾಂಗ ತೆರೆಯಿರಿ. ಈ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯಂದು ಭರತ ಹೆಚ್ಚುಕಡಿಮೆ ನಡುಹಗಲಿಗೆ ಏರುತ್ತದೆ. ಆರು ಗಂಟೆ ಹಿಂದೆ-ಮುಂದೆ ಇಳಿತ. ಮುಂದೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಬಿದಿಗೆಯಿಂದ ಚೌತಿಯವರೆಗಿನ ದಿನಗಳೇ ತಿರುಗಾಟಕ್ಕೆ ಸರಿ: ಬೆಳಗಿನ ಏಳರಿಂದ ಒಂಬತ್ತರೊಳಗೆ ನೀರು ಚೆನ್ನಾಗಿ ಇಳಿದಿರುತ್ತದೆ, ಮಧ್ಯಾಹ್ನದ ನಂತರ ತುಂಬಿರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ನೀರಿನ ಏರಿಳಿತವೇ ಕಡಿಮೆ, ಕೆಸರುಬಯಲು ಅರ್ಧವೂ ಬಯಲಾಗುವುದಿಲ್ಲ. ಖಚಿತ ಸಮಯಕ್ಕೆ ಕಾರವಾರದ ಟೈಡ್ ಟೇಬಲ್ ನೋಡಿ, ಅಳಿವೆಯ ಒಳಗೆ ಹೋದಷ್ಟೂ ಇನ್ನಷ್ಟು ತಡವೆಂದು ಲೆಕ್ಕ ಹಿಡಿಯಿರಿ. ತಿಂಗಳು ನವೆಂಬರ್‌ನಿಂದ ಫೆಬ್ರವರಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ, ಕಡಲಂತೂ ಕಾಲಿಡುವಂತಿರುವುದಿಲ್ಲ.

ಬೆಂಗಳೂರಿನಿಂದ ಹೊರಟ ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಬೆಳಿಗ್ಗೆ ಕುಮಟಾ ಮುಟ್ಟಿಸುತ್ತದೆ. ಅಲ್ಲಿಂದ ಕಾಗಾಲ ಮಾರ್ಗವಾಗಿ ಅಘನಾಶಿನಿ ಊರಿಗೆ ಹತ್ತು ಕಿ.ಮೀ. ಆಸುಪಾಸು. ಎದುರು ದಡ ತದಡಿ. ನಡುವೆ ದೋಣಿ ಓಡಾಡುತ್ತದೆ, ರಸ್ತೆಯಲ್ಲಿ ಸುತ್ತಿದರೆ ನಲವತ್ತು ಕಿ.ಮೀ. ಹತ್ತಿರ. ದೋಣಿ ಇಳಿದ ಕೂಡಲೇ ಕೇಳಬೇಕಾದ್ದು ಒಂದೇ: ಸಂಜೆಯ ಕೊನೆಯ ಟ್ರಿಪ್ ಎಷ್ಟಕ್ಕೆ? ಇದನ್ನು ಕೇಳದವರು ಕತ್ತಲಲ್ಲಿ ಆಟೋ ಹುಡುಕುತ್ತಾರೆ.

ಇಳಿತದ ಹೊತ್ತಿಗೆ ದಡದಲ್ಲಿ ನಿಂತರೆ ಬಳಚು (ತಿನ್ನುವ ಚಿಪ್ಪುಜೀವಿ) ಆಯುವವರು ಕಾಣುತ್ತಾರೆ. ಸೊಂಟದ ನೀರಿನಲ್ಲಿ ನಿಂತು, ಕಾಲಿನಿಂದ ತಡಕಿ, ಕೈಯಿಂದ ಹೆಕ್ಕುವ ಕೆಲಸ. ನೀವೇ ಇಳಿಯುವ ಉತ್ಸಾಹ ಬೇಡ. ಮೇಲೆ ಗಟ್ಟಿಯಾಗಿ ಕಾಣುವ ಕಪ್ಪು ಕೆಸರು ಮೊಣಕಾಲಿನವರೆಗೆ ಎಳೆದುಕೊಳ್ಳುತ್ತದೆ, ಒಳಗಿನ ಚಿಪ್ಪು ಪಾದ ಸೀಳುತ್ತದೆ. ಬದಲಿಗೆ ಒಂದು ಕೆ.ಜಿ. ಕೊಂಡುಕೊಳ್ಳಿ. ಬಾಯಿ ತೆರೆದಿರುವುದನ್ನು ಬೆರಳಿಂದ ತಟ್ಟಿ ನೋಡಿ, ಮುಚ್ಚಿಕೊಳ್ಳದಿದ್ದರೆ ಅದು ಸತ್ತಿದೆ, ಬಿಸಾಡಿ. ಉಳಿದದ್ದನ್ನು ಲೀಟರಿಗೆ 25-30 ಗ್ರಾಂ ಕಲ್ಲುಪ್ಪು ಕರಗಿಸಿದ ನೀರಿನಲ್ಲಿ, ನೆರಳಲ್ಲಿ, ಎರಡು-ಮೂರು ಗಂಟೆ ಬಿಡಿ. ಮರಳನ್ನು ತಾವಾಗಿ ಉಗುಳುತ್ತವೆ. ಸಿಹಿನೀರಲ್ಲಿ ನೆನೆಹಾಕಿದರೆ ಬಾಯಿ ಬಿಗಿದು ಸಾಯುತ್ತವೆ, ಸಾರಿನ ಪ್ರತಿ ತುತ್ತಿಗೂ ಮರಳು ಕರಕರ. ಪಾತ್ರೆಗೆ ಅರ್ಧ ಲೋಟ ನೀರು ಹಾಕಿ ಮುಚ್ಚಿ ಬೇಯಿಸಿದರೆ ನಾಲ್ಕೈದು ನಿಮಿಷಕ್ಕೆ ಚಿಪ್ಪು ತೆರೆಯುತ್ತದೆ. ತೆರೆಯದೆ ಉಳಿದದ್ದನ್ನು ತಿನ್ನಬೇಡಿ. ಇನ್ನೂ ಬೇಯಿಸಿದರೆ ರಬ್ಬರು. ಬೆಂದ ನೀರನ್ನು ಚೆಲ್ಲದೆ, ತಳದ ಗಸಿ ಬಿಟ್ಟು ಬಗ್ಗಿಸಿಕೊಳ್ಳಿ, ಸಾರಿನ ರುಚಿಯೆಲ್ಲ ಅದರಲ್ಲೇ ಇದೆ. ಅದರಲ್ಲಿ ಉಪ್ಪು ಮೊದಲೇ ಇರುತ್ತದೆ, ಮತ್ತೆ ಹಾಕುವ ಮುನ್ನ ರುಚಿ ನೋಡಿ.

ಬಿಸಿಲೇರುವ ಮುಂಚೆ ಮಿರ್ಜಾನ ಕೋಟೆ ಮುಗಿಸಬಹುದು. ಹೆದ್ದಾರಿ 66ರಿಂದ ಅರ್ಧ ಕಿ.ಮೀ. ಒಳಗೆ, ಪೂರ್ತಿ ಕೆಂಪುಕಲ್ಲಿನದು. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೈಯಲ್ಲಿತ್ತು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಕೋಟೆ ಹೊಳೆಯ ಬದಿಗೇ ಏಕೆ ಎಂಬುದಕ್ಕೆ ಆ ಹೆಸರೇ ಉತ್ತರ. ಗೋಡೆಯ ಅಂಚಿನಲ್ಲಿ ಪಾಚಿ ಇದ್ದರೆ ಹತ್ತಬೇಡಿ, ಬಾವಿಗಳ ಬಳಿ ಮಕ್ಕಳ ಕೈ ಬಿಡಬೇಡಿ.

ಮಧ್ಯಾಹ್ನದ ಭರತಕ್ಕೆ ಸಾಣಿಕಟ್ಟೆ. ಕೆಸರುಬಯಲಿನಲ್ಲಿ ಚದುರಿದ್ದ ಗೊರವ, ರೀವ, ಬೆಳ್ಳಕ್ಕಿಗಳೆಲ್ಲ ನೀರು ಏರಿದಂತೆ ಉಪ್ಪಿನಾಗರದ ಕಟ್ಟೆಗಳ ಮೇಲೆ ಒತ್ತಾಗಿ ಕೂರುತ್ತವೆ. ಇಳಿತದಲ್ಲಿ ದುರ್ಬೀನು ಹಿಡಿದರೂ ಚುಕ್ಕಿಯಷ್ಟೇ ಕಾಣುವ ಹಕ್ಕಿ, ಆಗ ಬರಿಗಣ್ಣಿಗೆ ಸಿಗುತ್ತದೆ. ಭರತದ ಎರಡು ಗಂಟೆ ಮೊದಲೇ ಹೋಗಿ, ಸೂರ್ಯನಿಗೆ ಬೆನ್ನು ಕೊಟ್ಟು ಕೂರಿ. ಉಪ್ಪು ತೆಗೆಯುವುದನ್ನೇ ನೋಡಬೇಕಿದ್ದರೆ ಮಾತ್ರ ಮಾರ್ಚ್ ನಂತರ ಬನ್ನಿ. ಅಳಿವೆಯ ನೀರನ್ನು ಕಟ್ಟೆಯೊಳಗೆ ತುಂಬಿಸಿ, ಒಂದರಿಂದ ಇನ್ನೊಂದಕ್ಕೆ ಹರಿಸುತ್ತ ಬಿಸಿಲಿಗೆ ಗಟ್ಟಿಯಾಗಿಸಿ, ಕೊನೆಯ ಪಾತಿಯಲ್ಲಿ ಹರಳುಗಟ್ಟಿದ್ದನ್ನು ಎಳೆಯುತ್ತಾರೆ. ಕೇಳಿಯೇ ಒಳಗೆ ಹೋಗಿ, ಕಟ್ಟೆಯ ಮೇಲಷ್ಟೇ ನಡೆಯಿರಿ. ಪಾತಿಗೆ ಕಾಲಿಟ್ಟರೆ ತಳದ ಮಣ್ಣು ಕದಡಿ ಉಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ.

ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಂದಿಗಳಲ್ಲಿ ದೋಣಿ ವಿಹಾರವೂ ಭರತದಲ್ಲೇ. ನೀರು ಏರುತ್ತಿರುವಾಗ ಹೊರಟು, ಇಳಿಯತೊಡಗುವ ಮುನ್ನ ತಿರುಗಬೇಕು. ತಡವಾದರೆ ದೋಣಿ ಕೆಸರಿಗೆ ಕೂತು ಮುಂದಿನ ಭರತಕ್ಕೇ ಏಳುವುದು. ದರ ಮತ್ತು ಲೈಫ್ ಜಾಕೆಟ್, ಎರಡೂ ಹತ್ತುವ ಮೊದಲೇ ಇತ್ಯರ್ಥವಾಗಲಿ. ಮಾಣಿಕಟ್ಟಾ ಕಡೆಯ ಗಜನಿ (ಅಳಿವೆಯಂಚಿನ ತಗ್ಗು) ಗದ್ದೆಗಳಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ನೋಡಲು ಮಳೆಗಾಲದ ಕೊನೆಗೆ ಬರಬೇಕು. ಕೊಯ್ಲಾದ ಮೇಲೆ ಅಲ್ಲಿರುವುದು ಶೆಟ್ಲಿ (ಸೀಗಡಿ), ಮೀನು.

ಸ್ನಾನದ ವಿಷಯದಲ್ಲಿ ಹಟ ಬೇಡ. ಅಳಿವೆಯ ಬಾಯಲ್ಲಿ ಇಳಿತ ಶುರುವಾದಾಗ ಹೊಳೆಯ ಇಡೀ ನೀರು ಕಡಲಿಗೆ ಸೆಳೆಯುತ್ತದೆ, ಈಜು ಬಲ್ಲವರಿಗೂ ಅಲ್ಲಿ ಜಾಗವಿಲ್ಲ. ಬಾಡ, ಕಾಗಾಲದ ಮರಳದಂಡೆಗಳೇ ವಾಸಿ, ಅದೂ ಮೊಣಕಾಲು ನೀರಿನವರೆಗೆ. ಎಲ್ಲೇ ಆದರೂ ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಜಗ್ಗಬೇಡಿ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತ ಬಿಟ್ಟ ಮೇಲೆ ತಿರುಗಿ. ಕುಮಟಾದಿಂದ ಗೋಕರ್ಣದವರೆಗೆ ದಂಡೆ ಹಿಡಿದು ನಡೆಯುವವರು ಎರಡು ದಿನ ಇಟ್ಟುಕೊಳ್ಳಿ, ಸುಮಾರು 25 ಕಿ.ಮೀ. ಇಳಿತದಲ್ಲಿ ಒದ್ದೆ ಮರಳು ಗಟ್ಟಿ, ನಡಿಗೆ ಸಲೀಸು. ಭರತದಲ್ಲಿ ಬಂಡೆ ಸುತ್ತುವ ಜಾಗಗಳು ಮುಳುಗಿ ಗುಡ್ಡ ಹತ್ತಿ ಇಳಿಯಬೇಕಾಗುತ್ತದೆ. ತದಡಿ ದಾಟಿದ ಮೇಲೆ ಬೆಳೆಕಾನ, ಪ್ಯಾರಡೈಸ್, ಹಾಫ್ ಮೂನ್ ದಾರಿಯಲ್ಲಿ ಅಂಗಡಿ ನೆಚ್ಚಬೇಡಿ, ತಲೆಗೆ ಮೂರು ಲೀಟರ್ ನೀರು ತದಡಿಯಲ್ಲೇ ತುಂಬಿಸಿಕೊಳ್ಳಿ.